ಹತ್ತುವಾಗಲೇ ಹೇಳಿದ ಥ್ಯಾಂಕ್ಸು

ವೇಲ್ಸಿನ ಆ ಪುಟ್ಟ ಊರಿನ ಬಸ್ ನಿಲ್ದಾಣದಲ್ಲಿ ಗ್ಲೆನಿಸ್‌ಳ ಮುಂದೆ ಇಬ್ಬರು ವಯಸ್ಸಾದ ಹೆಂಗಸರು ನಿಂತಿದ್ದರು. ಕೇಳಬಾರದೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ನಮ್ಮ ಬಸ್ಸು ಉಳೀತಂತೆ, ಹೌದೇನೇ ನೆಸ್ಟಾ?”

“ಉಳೀತು ಕಣೇ ಡಿಲಿಸ್! ರದ್ದು ಮಾಡಿದ್ರೆ ನಮ್ಮೆಜಮಾನ್ರನ್ನ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೆಂಗೆ ಕರ್ಕೊಂಡು ಹೋಗ್ಲಿ ಅಂತಿದ್ದೆ. ಹೋದ ಜೀವ ಬಂದಂಗಾಯ್ತು.”

“ಬಸ್ಸು ಉಳಿಸಿ ಅನ್ನೋ ಆನ್‌ಲೈನ್ ಮನವಿಗೆ ಹನ್ನೊಂದು ಸಾವಿರ ಸಹಿ ಬಿದ್ರೆ ಸುಮ್ನೇನಾ?”

“ಹತ್ತು ಸಾವಿರ ಹೊರಗಿನೋರ್ದು ಅಂತ ಕೌನ್ಸಿಲ್‌ನೋರು ಹೊಡೆದು ಹಾಕಿದ್ರು. ಬ್ರೆಜಿಲ್‌ನೋರು ನಮ್ಮ ಬಸ್ಸು ಹತ್ತೋಕೆ ಬರ್ತಾರಾ?”

“ಊರೋರ ಸಾವಿರವೇ ಕೆಲಸ ಮಾಡ್ತಲ್ಲ, ಬಿಡು.”

“ಮಾಡ್ತು. ಆದ್ರೆ ಒಂದು ಸಹಿ ಹಾಕಿದ್ದಕ್ಕೆ ಈಗ ದಿನಾ ಹತ್ತು ಮೇಲ್. ತಿಮಿಂಗಿಲ ಉಳಿಸಿ, ಜೇನು ಉಳಿಸಿ…”

“ಅಳಿಸ್ಬಿಡೇ.”

“ನಮ್ಮೆಜಮಾನ್ರು ಬಿಟ್ರೆ ತಾನೇ! ಬರೆದೋರಿಗೆ ಉತ್ತರ ಕೊಡ್ದೆ ಇರೋದು ಮರ್ಯಾದೆಯಲ್ಲ ಅಂತ ಆಸ್ಪತ್ರೆ ಮಂಚದಲ್ಲಿ ಮಲಗಿ ಒಂದೊಂದಕ್ಕೂ ಧನ್ಯವಾದ ಬರೀತಾರೆ.”

“ಯಾರೇ ಓದ್ತಾರೆ ಅದನ್ನ?”

“ಯಾರೂ ಓದಲ್ಲ. ಡಯಾಲಿಸಿಸ್‌ನ ನಾಲ್ಕು ಗಂಟೆ ಕಳೆದಿದ್ದೇ ಗೊತ್ತಾಗಲ್ವಂತೆ, ಅದೇ ಲಾಭ.”

ಬಸ್ಸು ಬಂತು. ಆ ಊರಲ್ಲಿ ಎಲ್ಲರೂ ಇಳಿಯುವಾಗ ಹೇಳುವ ಥ್ಯಾಂಕ್ಸನ್ನು ನೆಸ್ಟಾ ಹತ್ತುವಾಗಲೇ ಚಾಲಕನಿಗೆ ಹೇಳಿಬಿಟ್ಟಳು.

“ಇನ್ನೂ ಎಲ್ಲಿಗೂ ಕರ್ಕೊಂಡೇ ಹೋಗಿಲ್ವಲ್ಲಮ್ಮ!” ಎಂದು ಅವನು ನಕ್ಕ.

“ಬಂದೆಯಲ್ಲಪ್ಪ, ಅಷ್ಟು ಸಾಕು.”