ಹಾಲುಹಲ್ಲಿನ ಕತ್ತಲೆ

ಕೈಗೆ ಬಂದ ತುತ್ತು, ದರ ವಿಚಾರಿಸುವಷ್ಟರಲ್ಲಿ, ಬಾಯಿಗೆ ಬರಲಿಲ್ಲ. ಗಾದೆ ಹೀಗಿಲ್ಲ ಎಂದು ಗುಡಿಯ ಕಂಬದ ಹತ್ತಿರ ಕುಳಿತ ಹಿರಿಯರು ತಲೆ ಅಲ್ಲಾಡಿಸುತ್ತಿದ್ದಾರೆ. ಇರಲಿಲ್ಲ, ನಿಜ. ಈಗ ಹೇಳುವ ಸಂಗತಿ ನಡೆದ ಮೇಲೆ ಹೀಗಾಯಿತು. ಕಥೆಯಲ್ಲ, ನಡೆದದ್ದು. ಒಂದಕ್ಷರ ಸೇರಿಸಿಲ್ಲ, ಸೇರಿಸಿದ್ದರೆ ಬರೀ ಒತ್ತಕ್ಷರ, ಅದೂ ನಿಮ್ಮ ಒತ್ತಾಯಕ್ಕೆ.

ಒಂದೂರಿನಲ್ಲಿ ಒಬ್ಬ ಶ್ರೀಮಂತ. ಇದ್ದ ಎನ್ನುವುದಕ್ಕಿಂತ ಚೌಕಾಶಿ ಮಾಡುತ್ತಿದ್ದ ಎನ್ನಬೇಕು, ಏಕೆಂದರೆ ಅವನು ಸುಮ್ಮನೆ ಇದ್ದದ್ದನ್ನು ಯಾರೂ ಕಂಡಿಲ್ಲ. ಎತ್ತಿನ ವ್ಯಾಪಾರದಲ್ಲಿ ಮೇಲೆ ಬಂದವನು. ದನದ ಸಂತೆ ನೋಡಿದ್ದೀರಲ್ಲ? ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೆ ಒಂದು ಟವೆಲ್ಲು. ಒಳಗೆ ಬೆರಳು ಬೆರಳನ್ನು ಹಿಡಿದು ಜಗಳವಾಡುತ್ತಿರುತ್ತದೆ, ಹೊರಗೆ ಮುಖ ಏನೂ ಅರಿಯದಂತೆ ಎಲೆಯಡಿಕೆ ಜಗಿಯುತ್ತಿರುತ್ತದೆ. ಈ ಟವೆಲ್ಲಿನ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನು ಪಾಲಿಸುತ್ತಿದ್ದ ನಿಯಮ ಎರಡೇ. ಹಲ್ಲು ನೋಡದೆ ಎತ್ತು ಕೊಳ್ಳಬಾರದು; ಹಾಲುಹಲ್ಲಿದ್ದರೆ ಎಳೆಯದು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದರೆ ಬಲಿತದ್ದು. ಸಂತೆಗೆ ಒಂದೇ ಎತ್ತು ಬಂದಿದ್ದರೆ ಹಲ್ಲನ್ನೂ ನೋಡಬಾರದು, ಎರಡನೆಯದು ಬರುವವರೆಗೆ ಕಾಯಬೇಕು. ಹೋಲಿಸುವುದಕ್ಕೆ ಎರಡಾದರೂ ಬೇಡವೇ?

ಅಂಥವನು ಹೊಸ ಮನೆ ಕಟ್ಟಿಸಿದ. ಅರವತ್ತನಾಲ್ಕು ಸ್ವಿಚ್ಚು, ಒಂಬತ್ತು ಫ್ಯಾನು, ಬಚ್ಚಲಿಗೊಂದು ಗೀಸರು, ಮಿಕ್ಸಿ ಇಡಲು ಕಪ್ಪುಕಲ್ಲಿನ ಕಟ್ಟೆ. ಎಲ್ಲ ಇತ್ತು. ಕರೆಂಟು ಮಾತ್ರ ಇರಲಿಲ್ಲ.

ಯಾಕೆ ಇರಲಿಲ್ಲ? ಬಡತನವೇ? ಅಲ್ಲ. ಕಂಬ ದೂರವೇ? ಅಂಗಳದಲ್ಲೇ ಇತ್ತು, ಅದಕ್ಕೇ ಎಮ್ಮೆ ಕಟ್ಟುತ್ತಿದ್ದ. ಮತ್ತೆ ಯಾಕೆ? ನೋಡಿ, ಅವನು ಕರೆಂಟಿನ ಆಫೀಸಿಗೆ ಹೋದ. ಯೂನಿಟ್ಟಿಗೆ ಎಷ್ಟು ಎಂದು ಕೇಳಿದ. ಸಾಹೇಬರು ದರ ಹೇಳಿದರು. ಇವನು ಹೆಗಲ ಮೇಲಿನ ಟವೆಲ್ಲು ತೆಗೆದು ಸಾಹೇಬರ ಕೈಮೇಲೆ ಹಾಕಿ, ಒಳಗೆ ಅವರ ಬೆರಳು ಹಿಡಿದ. ಲಂಚದ ಪ್ರಕರಣದಲ್ಲಿ ತಮ್ಮನ್ನು ಹಿಡಿಸಲು ಬಂದಿದ್ದಾನೆಂದು ಸಾಹೇಬರಿಗೆ ಬೆವರು ಕಿತ್ತುಕೊಂಡಿತು. ಎರಡೂ ಕೈ ಮೇಲೆತ್ತಿ, ಖಾಲಿ ಇವೆ ನೋಡ್ರಪಾ ಎಂದು ಇಡೀ ಆಫೀಸಿಗೆ ತೋರಿಸಿದರು. ಬೆರಳಿಗೆ ಬೆಲೆ ತಿಳಿಯದವನ ಹತ್ತಿರ ಬಾಯಲ್ಲೇ ಮಾತಾಡೋಣವೆಂದು ಶ್ರೀಮಂತ ಕೇಳಿದ:

“ನಿಮ್ಮನ್ನ ಬಿಟ್ರ ಈ ಊರಾಗ ಕರೆಂಟ ಮತ್ತ್ಯಾರ ಮಾರ್ತಾರ್ರೀ?”

“ಯಾರೂ ಇಲ್ರಿ. ನಾವೊಬ್ಬರ.”

ಶ್ರೀಮಂತ ಎದ್ದು ಹೊರಟೇಬಿಟ್ಟ. ಒಂಟಿ ಎತ್ತು.

ಅಂದಿನಿಂದ ಶುರುವಾಯಿತು ಹುಡುಕಾಟ. ಪಕ್ಕದ ಜಿಲ್ಲೆಗೆ ಹೋಗಿ ದರ ಕೇಳಿದ. ಅಲ್ಲಿಯೂ ಅದೇ ದರ. ಬಂಡಿಯಲ್ಲಿ ತಂದುಕೊಂಡರೆ ಎಷ್ಟಕ್ಕೆ ಬಿಡುತ್ತೀರಿ ಎಂದು ಕೇಳಿದಾಗ ಅವರು ಇವನಿಗೆ ನೀರು ಕೊಟ್ಟು ಫ್ಯಾನಿನ ಕೆಳಗೆ ಕೂರಿಸಿದರು. ಸೋಲಾರಿನವನು ಬಂದ. ಸೂರ್ಯನಿಗೆ ಎಷ್ಟು ಹಲ್ಲಾಗಿದೆ, ಇನ್ನೆಷ್ಟು ವರ್ಷ ದುಡಿಯುತ್ತಾನೆ ಎಂದು ಇವನು ವಿಚಾರಿಸಿದ; ಸೋಲಾರಿನವನು ಸೋತು ಹೋದ. ಗುಡ್ಡದ ಮೇಲಿನ ಗಾಳಿಯಂತ್ರದ ಕಾವಲುಗಾರನಿಗೆ ಗಾಳಿ ಸಗಟಿನಲ್ಲಿ ಎಷ್ಟು, ಚಿಲ್ಲರೆಯಲ್ಲಿ ಎಷ್ಟು ಎಂದು ಕೇಳಿದ. ಅವನು ಕೊಟ್ಟದ್ದು ಬರೀ ಗಾಳಿಮಾತು. ಹೀಗೆ ಹನ್ನೊಂದು ತಿಂಗಳು. ಹೆಂಡತಿ ಕಂದೀಲು ಹಿಡಿದುಕೊಂಡು ಅರವತ್ತನಾಲ್ಕು ಸ್ವಿಚ್ಚುಗಳ ಧೂಳು ಒರೆಸುತ್ತಿದ್ದಳು. ಒರಳಲ್ಲಿ ಚಟ್ನಿ ರುಬ್ಬುತ್ತಿದ್ದಳು, ಮಿಕ್ಸಿ ಮೇಲೆ ಒಂದು ಕೈವಸ್ತ್ರ ಹೊದಿಸಿ, ಅದಕ್ಕೆ ನಾಚಿಕೆಯಾಗದಿರಲಿ ಎಂದು.

ಇಷ್ಟೇ ಆಗಿದ್ದರೆ ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಅವರಿಗೆ ಒಬ್ಬಳೇ ಮಗಳು. ಮದುವೆಯಾದ ನಾಲ್ಕು ವರ್ಷಕ್ಕೆ ಬಸುರಿಯಾದಳು. ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಿ ಆಗಬೇಕು. ಕುಬಸದ ಪತ್ರಿಕೆಯಲ್ಲಿ ‘ಸಾದರ ಸ್ವಾಗತ’ ಎಂದು ಅಚ್ಚಾಗಿತ್ತು. ಸಾದರ ಎಂದರೆ ಆದರದ ಜೊತೆಗೆ. ಇವನು ದರದ ಜೊತೆಗೆ ಎಂದು ಓದಿಕೊಂಡು, ಪಂಕ್ತಿಯಲ್ಲಿ ಕುಳಿತು ಹೋಳಿಗೆ ಒಂದಕ್ಕೆ ಎಷ್ಟು ಬಿತ್ತೆಂದು ಬೀಗರನ್ನು ಕೇಳಿದ. ಊಟ ಮುಗಿದ ಮೇಲೆ ಅಳಿಯನ ತಾಯಿ, ಅಂದರೆ ಬೀಗತಿ, ಇವನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು:

“ಕತ್ತಲ ಮನ್ಯಾಗ ಬಾಣಂತಿ, ಕೂಸು ಹ್ಯಾಂಗ ಇರಬೇಕ್ರೀ ಅಕ್ಕಾರ? ನಿಮ್ಮ ಮನ್ಯಾಗ ದೀಪ ಹತ್ತಿದ ದಿನಾ ಫೋನ್ ಮಾಡ್ರಿ, ಕಳಸ್ತೇವಿ. ಇಲ್ಲಾಂದ್ರ ಬಾಣಂತನ ಇಲ್ಲೇ ಆಗ್ಲಿ.”

ಇತ್ತ ಹೆತ್ತ ತಾಯಿ ಬಾಣಂತಿಯ ಅಂಟಿನುಂಡೆಗೆ ಕೊಬ್ಬರಿ ತುರಿದಿಟ್ಟಿದ್ದಳು, ತೊಟ್ಟಿಲನ್ನು ಅಟ್ಟದಿಂದ ಇಳಿಸಿದ್ದಳು. ಆ ತೊಟ್ಟಿಲು ಈಗ ಖಾಲಿ ಉಳಿಯಬೇಕೇ? ಗಂಡನ ಕಾಲು ಹಿಡಿದಳು. ಅವನಿಗೂ ಮಗಳ ಮೇಲೆ ಜೀವ. ದಿನಕ್ಕೆ ಮೂರು ಸಲ ತೊಟ್ಟಿಲಿನ ಹತ್ತಿರ ಹೋಗಿ ಬರುತ್ತಿದ್ದ. ಆದರೆ ಹೇಳುವುದು ಒಂದೇ ಮಾತು: ಎರಡನೇ ದರ ಬರಲಿ, ತಡಿ. ನಗಬೇಡಿ. ಅವನು ಜಿಪುಣನಾಗಿರಲಿಲ್ಲ. ಒಂದೇ ಎತ್ತು ನೋಡಿ ವ್ಯಾಪಾರ ಮುಗಿಸಿದರೆ ಮೋಸ ಹೋದೆನೆಂದು ಅವನ ಕರುಳೇ ಹೇಳುತ್ತಿತ್ತು.

ಹೆಂಡತಿಗೆ ಒಬ್ಬ ತಮ್ಮ. ನಾಟಕದಲ್ಲಿ ಹಾಸ್ಯದ ಪಾತ್ರ ಮಾಡುವವನು. ಬಸ್ಸಿನ ಕಂಡಕ್ಟರು, ಮೊಟ್ಟೆಯಿಡುವ ಕೋಳಿ, ಸಿಟ್ಟಿಗೆದ್ದ ಹೆಡ್‌ಮಾಸ್ಟರು, ಯಾರ ದನಿಯನ್ನಾದರೂ ತೆಗೆಯುತ್ತಿದ್ದ. ಅಕ್ಕ ಅತ್ತು ಹೇಳಿದ್ದನ್ನೆಲ್ಲ ಕೇಳಿ ಅವನು ಯೋಚಿಸಿದ. ಮಾಮಾನಿಗೆ ಬೇಕಾದದ್ದು ಎರಡನೇ ಎತ್ತು ತಾನೇ? ತಂದು ಕಟ್ಟಿದರಾಯಿತು.

ಮರುದಿನ ಶ್ರೀಮಂತನ ಫೋನಿಗೆ ಒಂದು ಕರೆ ಬಂತು. ಕಂಪ್ಯೂಟರಿನ ಹೆಣ್ಣುದನಿ.

“ಅಖಂಡ ಅಂಧಕಾರ ಸರಬರಾಜು ಮಂಡಳಿಗೆ ಸುಸ್ವಾಗತ. ತೆಳು ಕತ್ತಲೆಗಾಗಿ ಒಂದನ್ನು ಒತ್ತಿರಿ. ಗಟ್ಟಿ ಕತ್ತಲೆಗಾಗಿ ಎರಡನ್ನು ಒತ್ತಿರಿ. ಏನೂ ಕಾಣಿಸದಿದ್ದರೆ ಯಾವುದನ್ನಾದರೂ ಒತ್ತಿರಿ.”

ಅವನು ಯಾವುದನ್ನೋ ಒತ್ತಿದ. ಈಗ ಒಬ್ಬ ಅಧಿಕಾರಿಯ ದಪ್ಪ ದನಿ ಬಂತು. ಹನ್ನೊಂದು ತಿಂಗಳಿಂದ ತಾವು ನಮ್ಮ ಮಂಡಳಿಯ ಕತ್ತಲೆಯನ್ನು ಬಳಸುತ್ತಿದ್ದೀರಿ, ಅರ್ಜಿ ಇಲ್ಲ, ಮೀಟರಿಲ್ಲ, ಇದು ಕಳ್ಳ ಕತ್ತಲೆ ಎಂದು ಆ ದನಿ ಗದರಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕತ್ತಲೆಯನ್ನು ಯಾರಾದರೂ ಮಾರುತ್ತಾರೆಯೇ ಎಂದು ಕೇಳುತ್ತಿದ್ದಿರಿ. ಇವನು ಅದನ್ನು ಕೇಳಲಿಲ್ಲ. ಇವನು ಕೇಳಿದ್ದು ಒಂದೇ:

“ಯೂನಿಟ್ಟಿಗೆ ಎಷ್ಟ್ರೀ?”

ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಧಿಕಾರಿಯೇ ಮನೆಗೆ ಬಂದ. ಖಾಕಿ ಕೋಟು, ಕಿವಿಯವರೆಗೆ ಮೀಸೆ, ಕಂಕುಳಲ್ಲಿ ಕಾಳು ಅಳೆಯುವ ಸೇರು. ಬೆಳಕಿದ್ದರೆ ಅಳತೆ ತಪ್ಪುತ್ತದೆಂದು ಮೊದಲು ಕಂದೀಲು ಆರಿಸಿದ. ಆಮೇಲೆ ಕೋಣೆಕೋಣೆಗೂ ಹೋಗಿ ಸೇರಿನಲ್ಲಿ ಕತ್ತಲೆಯನ್ನು ತುಂಬಿ ತುಂಬಿ ಸುರಿದು, ಗಟ್ಟಿಯಾಗಿ ಎಣಿಸತೊಡಗಿದ. ಶ್ರೀಮಂತ ಬೆನ್ನು ಬಿಡಲಿಲ್ಲ. ಗೋಪುರ ಮಾಡಿ ಅಳೆಯಬೇಡಿ, ಗೀರಿ ಅಳೆಯಿರಿ ಎಂದು ತಾನೇ ಸೇರಿನ ಬಾಯಿಯ ಮೇಲೆ ಅಂಗೈ ಎಳೆದು ಹೆಚ್ಚಿನ ಕತ್ತಲೆಯನ್ನು ಕೆಳಗೆ ಕೆಡವಿದ. ದೇವರ ಕೋಣೆಯ ಕತ್ತಲೆ ಗಟ್ಟಿ ಎಂದು ಅಧಿಕಾರಿ ಬರೆದುಕೊಳ್ಳಹೊರಟಾಗ ಅವನೊಳಗಿನ ಎತ್ತಿನ ವ್ಯಾಪಾರಿ ಎದ್ದು ನಿಂತ.

“ಏನ ಗಟ್ಟೀರಿ? ಮನಿ ಕಟ್ಟಿ ಇನ್ನ ವರ್ಷ ತುಂಬಿಲ್ಲ. ಇದು ಹಾಲಹಲ್ಲಿನ ಕತ್ತಲಿ. ಬಾಯಿಗೂಡಿದ ಕತ್ತಲಿ ನೋಡಬೇಕಂದ್ರ ನಮ್ಮ ಹಳೇ ಮನ್ಯಾಗ ಬರ್ರಿ, ಮೂರ ತಲಿಮಾರಿಂದೈತಿ.”

ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಅಧಿಕಾರಿ ತಲೆದೂಗಿ ಕೈ ಮುಂದೆ ಚಾಚಿದ. ಶ್ರೀಮಂತ ಟವೆಲ್ಲು ಹೊದಿಸಿದ. ಒಳಗೆ ಬೆರಳುಗಳು ಮಾತಾಡಿದವು, ಎಳೆದವು, ಬಿಟ್ಟವು, ಮತ್ತೆ ಹಿಡಿದವು. ಕರೆಂಟಿನ ಸಾಹೇಬರಿಗೆ ಬಾರದ ಟವೆಲ್ಲಿನ ಭಾಷೆ ಕತ್ತಲೆಯ ಸಾಹೇಬನಿಗೆ ಹೇಗೆ ಬಂತು? ಇದನ್ನೂ ಅವನು ಕೇಳಲಿಲ್ಲ. ದರ ಕೇಳುವವನು ಬೇರೇನನ್ನೂ ಕೇಳುವುದಿಲ್ಲ; ಯಾರು ಹೇಳಿದರೂ ಕೇಳುವುದಿಲ್ಲ.

ಬೆಳಕಿನ ದರಕ್ಕಿಂತ ಎಂಟಾಣೆ ಹೆಚ್ಚು ಎಂದು ಶುರುವಾದದ್ದು ನಾಲ್ಕಾಣೆ ಹೆಚ್ಚಿಗೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಅಧಿಕಾರಿಯ ಬೆರಳು ಇಳಿಯಲಿಲ್ಲ. ಆಗ ನೋಡಿ, ಶ್ರೀಮಂತನ ಮುಖ ಆ ಕತ್ತಲೆಯಲ್ಲೂ ಅರಳಿತು. ಬೆಳಕಿಗೊಂದು ದರ, ಕತ್ತಲೆಗೊಂದು ದರ. ಹನ್ನೊಂದು ತಿಂಗಳ ಮೇಲೆ ಸಂತೆಗೆ ಎರಡನೇ ಎತ್ತು ಬಂದಿತ್ತು.

“ಅಂದ್ರ ಬೆಳಕ ಅಗ್ಗ ಆತು,” ಎಂದ.

“ನಮ್ಮ ಬಾಯಿಲೆ ಹೇಳಬಾರದ್ರಿ,” ಎಂದ ಅಧಿಕಾರಿ. “ಆದರ ಹೌದು.”

ಕತ್ತಲೆಯ ಸಂಪರ್ಕ ಕಡಿಸುವುದು ಹೇಗೆಂದು ಶ್ರೀಮಂತ ವಿಚಾರಿಸಿದ. ಮನೆಯಲ್ಲಿ ಒಂದು ಬಲ್ಬು ಹತ್ತಿದರೆ ಸಾಕು, ಹಳೆಯ ಬಾಕಿಯೂ ಮಾಫಿ, ಆದರೆ ಹತ್ತುವಾಗ ತಾನೇ ಬಂದು ಕಣ್ಣಾರೆ ನೋಡಬೇಕು ಎಂದು ಅಧಿಕಾರಿ ಷರತ್ತು ಹಾಕಿದ. ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಶ್ರೀಮಂತ ಮೆಟ್ಟಿಲ ಮೇಲಿದ್ದ. ಅವನನ್ನು ಕಂಡ ಕೂಡಲೇ ಸಾಹೇಬರು ಎರಡೂ ಕೈ ಜೇಬಿಗೆ ಹಾಕಿಕೊಂಡರು. ಇವನು ಚೌಕಾಶಿ ಮಾಡದೆ ಅರ್ಜಿಗೆ ಸಹಿ ಹಾಕಿದ. ಎಂಟು ದಿನಕ್ಕೆ ಎಮ್ಮೆ ಬಿಚ್ಚಿಸಿ, ಕಂಬದಿಂದ ತಂತಿ ಎಳೆದರು. ಸಂಜೆ ಮನೆಯವರೆಲ್ಲ ಪಡಸಾಲೆಯಲ್ಲಿ ಸೇರಿದರು. ಕತ್ತಲೆಯ ಅಧಿಕಾರಿಯೂ ಬಂದು ನಿಂತ. ಶ್ರೀಮಂತ ಸ್ವಿಚ್ಚಿನ ಮೇಲೆ ಬೆರಳಿಟ್ಟ.

ಅಲ್ಲೇ ಇರಲಿ ಆ ಬೆರಳು. ಹನ್ನೊಂದು ತಿಂಗಳು ತಡೆದವನು ಇನ್ನೆರಡು ನಿಮಿಷ ತಡೆಯುತ್ತಾನೆ. ಬಲ್ಬು ಹತ್ತಿದರೆ ನೀವೆಲ್ಲ ಎದ್ದು ಪ್ರಸಾದದ ಸಾಲಿಗೆ ಹೋಗುತ್ತೀರಿ, ಗೊತ್ತಿದೆ.

ಅವನನ್ನು ನೋಡಿ ನಕ್ಕಿರಿ. ನೀವು ಯಾವ ಸ್ವಿಚ್ಚಿನ ಮುಂದೆ ನಿಂತಿದ್ದೀರಿ? ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷ. ಮೊದಲು ಅವನು ಮಾತಾಡಿಸಿದರೆ ನನಗೆಷ್ಟು, ನಾನೇ ಮಾತಾಡಿಸಿದರೆ ನನಗೆಷ್ಟು ಎಂದು ತೂಗುತ್ತಿಲ್ಲವೇ? ಕೂಸಿನ ಕೆಮ್ಮಿಗೆ ಔಷಧ ಎಲ್ಲಿ ಎರಡು ರೂಪಾಯಿ ಕಡಿಮೆ ಎಂದು ನಾಲ್ಕು ಅಂಗಡಿ ತಿರುಗುವಷ್ಟರಲ್ಲಿ ಕೂಸು ಎಷ್ಟು ಸಲ ಕೆಮ್ಮಿತು, ಎಣಿಸಿದಿರಾ? ಹೋಲಿಸಬೇಡಿ ಎಂದು ಯಾರೂ ಹೇಳುತ್ತಿಲ್ಲ. ಬದನೆಕಾಯಿ ಹೋಲಿಸಿ, ಸೀರೆ ಹೋಲಿಸಿ, ಎತ್ತಿನ ಹಲ್ಲು ಎಣಿಸಿ. ಆದರೆ ಬೆಳಕಿನ ದರ ವಿಚಾರಿಸುತ್ತ ಕುಳಿತವನು, ಕುಳಿತ ಕತ್ತಲೆಗೆ ತೆರುತ್ತಿರುವ ದರವನ್ನೂ ಎದುರಿಗೆ ಇಟ್ಟು ನೋಡಬೇಕು. ಯೂನಿಟ್ಟು ಎಣಿಸುತ್ತ ಮನೆಯ ಯೂನಿಟಿ ಹೋದರೆ ಯಾವ ಆಫೀಸಿಗೆ ಅರ್ಜಿ ಹಾಕುತ್ತೀರಿ? ಆದ್ದರಿಂದ ಇಷ್ಟು ಮಾಡಿ. ಇಂದು ದರ ಕೇಳಿ, ನಾಳೆ ದೀಪ ಹಚ್ಚಿ. ಮೂರನೇ ದಿನ ಮತ್ತೆ ದರ ಕೇಳಲು ಹೊರಟರೆ, ಹೆಂಡತಿ ಚಪ್ಪಲಿ ಬಚ್ಚಿಡಲಿ. ಅಣ್ಣನಿಗೆ ಮಾಡಬೇಕಾದ ಫೋನನ್ನು ಇಲ್ಲಿಂದ ಮನೆ ಮುಟ್ಟುವ ಮೊದಲೇ ಮಾಡಿ.

ಸರಿ, ಈಗ ಅವನ ಬೆರಳು ನೋಯುತ್ತಿದೆ. ಒತ್ತಲಿ.

ಒತ್ತಿದ. ಬಲ್ಬು ಝಗ್ಗೆಂದಿತು. ಆ ಬೆಳಕಿನಲ್ಲಿ ಮೊದಲು ಕಂಡದ್ದು ಕತ್ತಲೆಯ ಅಧಿಕಾರಿ; ಸೆಕೆಗೆ ಅಂಟು ಬಿಟ್ಟು ಅವನ ಮೀಸೆ ಒಂದೇ ಕಡೆ ಜೋತಾಡುತ್ತಿತ್ತು. ಮೀಸೆಯ ಹಿಂದೆ ಹೆಂಡತಿಯ ತಮ್ಮ. ಹೆಂಡತಿಯ ಕಣ್ಣೆಲ್ಲ ಗಂಡನ ಬೆರಳಿನ ಮೇಲೆ. ಅದಿನ್ನೂ ಸ್ವಿಚ್ಚಿನ ಮೇಲೇ ಇತ್ತು. ಸಿಟ್ಟಿಗೆದ್ದು ಇನ್ನೊಮ್ಮೆ ಒತ್ತಿದನೋ, ಮಗಳು ಬರುವುದಿಲ್ಲ. ಶ್ರೀಮಂತ ಭಾಮೈದನ ಮೀಸೆ ನೋಡಿದ. ಸೇರು ನೋಡಿದ. ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ, ಗೀರಿ ಅಳೆದ ಅಂಗೈ.

“ಲೇ,” ಎಂದ. “ನಾ ಆ ಕತ್ತಲಿಗೂ ಹಾಲಹಲ್ಲು ಅಂದ್ನಲ್ಲೋ.”

“ಹೌದ್ ಮಾಮಾ,” ಎಂದ ಭಾಮೈದ, ಕಳ್ಳನ ದನಿಯಲ್ಲಿ. “ನಾಲ್ಕಾಣೆ ಇಳಿಸಿದ್ರಿ.”

ಬೆರಳು ಸ್ವಿಚ್ಚು ಬಿಟ್ಟಿತು. ಎರಡೂ ಕೈ ಹೊಟ್ಟೆಯ ಮೇಲೆ ಹೋದವು. ಹೆಂಡತಿ ಆ ಕ್ಷಣವೇ ಬೀಗತಿಗೆ ಫೋನು ಹಚ್ಚಿ, ದೀಪ ಹತ್ತಿತು, ಶುಕ್ರವಾರ ಮಗಳನ್ನು ಕಳಿಸಿ ಎಂದು ಹೇಳತೊಡಗಿದಳು. ತಮ್ಮ ನಗುತ್ತಿದ್ದ, ತಂತಿ ಎಳೆದವರು ನಗುತ್ತಿದ್ದರು, ಅಂಗಳದಲ್ಲಿ ಬಿಚ್ಚಿದ ಎಮ್ಮೆಯೂ ಒಮ್ಮೆ ಕೂಗಿತು. ಆದರೆ ಆಚೆ ಕಡೆಯಿಂದ ಬೀಗತಿ ಏನೂ ಕೇಳಿಸುತ್ತಿಲ್ಲ ಎಂದು ಮೂರು ಸಲ ಹೇಳಬೇಕಾಯಿತು. ಏಕೆಂದರೆ ಇಷ್ಟೆಲ್ಲ ನಗೆಯನ್ನೂ ಮೀರಿಸಿ, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಸುರಿಸುತ್ತ, ಶ್ರೀಮಂತನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.