ಹನಿಯೂ ಔಷಧಿಯೇ

ಕಣ್ಣಾಸ್ಪತ್ರೆಯಲ್ಲಿ ನರ್ಸ್ ಕಣ್ಣಿಗೆ ಹನಿ ಬಿಟ್ಟು, ಕರೆಯೋವರೆಗೂ ಮುಚ್ಚಿಕೊಂಡಿರಿ ಎಂದು ಹೋದ ಮೇಲೆ, ತಪಾಸಣೆಗೆ ಬಂದಿದ್ದ ಬಡಗಿಗೆ ಕಿವಿಯೇ ಗತಿ. ಪಕ್ಕದಲ್ಲಿ ಮಗಳೊಬ್ಬಳು ತಾಯಿಯ ಮೇಲೆ ಹರಿಹಾಯುತ್ತಿದ್ದಳು.

“ಗ್ಲಾಕೋಮಾ ಇದೆ ಅಂತ ಆ ಡಾಕ್ಟರಿಗೆ ಹೇಳಲೇ ಇಲ್ವಾ?”

“ಹೋಗಿದ್ದು ಪದೇ ಪದೇ ಮೂತ್ರ ಬರುತ್ತೆ ಅಂತ. ಅಲ್ಲಿ ಕಣ್ಣಿನ ಸುದ್ದಿ ಯಾಕೆ ಎತ್ತಲಿ?”

“ಏನೇನು ಔಷಧಿ ತಗೋತೀರಿ ಅಂತ ಕೇಳಲಿಲ್ವಾ?”

“ಕೇಳಿದ್ರು. ಬಿಪಿ ಮಾತ್ರೆ ಅಂದೆ.”

“ದಿನಾ ಬಿಡೋ ಕಣ್ಣಿನ ಹನಿ?”

“ಅದೇನು ಹೊಟ್ಟೆಗೆ ಹೋಗುತ್ತಾ? ಕಣ್ಣಿಗೆ ಬಿಟ್ಟಿದ್ದು ಕಣ್ಣಲ್ಲೇ ಇರುತ್ತೆ.”

“ಮೂತ್ರಕ್ಕೆ ಅಂತ ಅವರು ಕೊಟ್ಟ ಮಾತ್ರೆ ಹೊಟ್ಟೇಲೇ ಇತ್ತಾ ಮತ್ತೆ? ಅದರಿಂದಾನೇ ಕಣ್ಣೊಳಗಿನ ಒತ್ತಡ ಏರಿದ್ದು ಅಂತ ಇಲ್ಲಿನ ಡಾಕ್ಟರು ಈಗ ತಾನೇ ಹೇಳಿದ್ರಲ್ಲಮ್ಮಾ! ದೀಪದ ಸುತ್ತ ಬಣ್ಣದ ಬಳೆ ಕಂಡಾಗಲಾದ್ರೂ ಬಾಯಿ ಬಿಡಬಾರದಿತ್ತಾ?”

“ಬಿಟ್ಟಿದ್ರೆ ನೀನು ಆಗಲೇ ಹೀಗೆ ಬೈತಿದ್ದೆ.”

ಮಗಳ ದನಿ ಕುಗ್ಗಿತು. “ಹೋದ ನೋಟ ವಾಪಸ್ ಬರಲ್ವಂತೆ.”

“ಏನೂ ಆಗಿಲ್ಲ, ಸುಮ್ನಿರೇ. ಎಲ್ಲಾ ಕಾಣುತ್ತೆ ನಂಗೆ.”

ಲೇಸರ್‌ಗೆ ಬನ್ನಿ ಎಂದು ಯಾರೋ ಕೂಗಿದರು. ತಾಯಿ ಎದ್ದಳು. ತಡಕಾಡುತ್ತ ಬಂದ ಕೈಯೊಂದು ಬಡಗಿಯ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು.

“ಅಯ್ಯೋ, ಮನುಷ್ಯರಾ?” ಎಂದಳು ಆಕೆ. “ಕುರ್ಚಿ ಅಂದ್ಕೊಂಡೆ.”