ಪಲ್ಟಿ ಗಾಡಿಯ ಚಾಸಿ

ಸುಳ್ಳು ಅನ್ನುವವರು ಅನ್ನಲಿ. ಇದು ನೆಬ್ರಾಸ್ಕದಲ್ಲಿ ನಮ್ಮ ಪಕ್ಕದ ಹೊಲದ ಆರ್ಲನ್‌ಗೇ ಆದದ್ದು. ಮಗಳ ಮದುವೆಯ ಹಿಂದಿನ ರಾತ್ರಿ ಚರ್ಚಿನಲ್ಲಿ ಕುರ್ಚಿ ಜೋಡಿಸಿ, ಹಳೇ ಬಾವಿಯ ಪಕ್ಕದ ದಾರಿಯಲ್ಲಿ ಒಬ್ಬನೇ ನಡೆದು ಬರುತ್ತಿದ್ದ.

ಮಗಳು ಮಾರ್ಲಾಳಿಗೆ ಒಂದೇ ಆಸೆ, ತಾತನ ಕಾಲದ ಪಿಕಪ್‌ನಲ್ಲಿ ಮದುವೆಗೆ ಹೋಗಬೇಕು. ಗಾಡಿಯ ಮೈ ಗಟ್ಟಿಯಾಗಿತ್ತು, ಅದನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಅದೇ ಚಾಸಿ, ಮಾತ್ರ ತುಕ್ಕು ತಿಂದು ಹಪ್ಪಳವಾಗಿತ್ತು. ಪಲ್ಟಿಯಾಗಿ ಗುಜರಿಗೆ ಬಂದಿದ್ದ ಹೊಸ ಗಾಡಿಯೊಂದರ ಚಾಸಿ ತಂದು, ಅದರ ಮೇಲೆ ಆರ್ಲನ್ ಹಳೇ ಮೈ ಕೂರಿಸಿದ್ದ. ಚಾಸಿ ಕೊಳ್ಳುವವರು ಸೊಟ್ಟಗಿದೆಯಾ, ತುಕ್ಕಿದೆಯಾ ಅಂತಷ್ಟೇ ಕೇಳುತ್ತಾರೆ. ಆ ಗಾಡಿಯಲ್ಲಿ ಯಾರಿದ್ದರು ಅಂತ ಕೇಳುವ ರೂಢಿ ಇಲ್ಲ. ಇವನೂ ಕೇಳಲಿಲ್ಲ.

ಬಾವಿ ದಾಟಿದ್ದೇ ತಡ... ಟಿಕ್... ಟಿಕ್... ಟಿಕ್. ಇಂಡಿಕೇಟರ್ ಸದ್ದು, ಇವನದೇ ಶೆಡ್ಡಿನಿಂದ! ಅಲ್ಲಿದ್ದ ಪಿಕಪ್‌ನ ಬ್ಯಾಟರಿ ತಂತಿ ಬಿಚ್ಚಿಟ್ಟೇ ಬಂದಿದ್ದ.

"ಮಾರ್ಲಾ... ನೀನೇನೇ?" ಪಿಸುಗುಟ್ಟಿದ.

ಶೆಡ್ಡಿನೊಳಗೆ ನಡೆದ. ಗಾಡಿ ಹತ್ತಿ ಇಣುಕಿದ. ಧಡ್! ಬಾಗಿಲು ಮುಚ್ಚಿಕೊಂಡಿತು. ಹಿಡಿ ತಿರುಗಿಸಿದ, ಜಗ್ಗಿದ, ಒದ್ದ. ಊಹೂಂ. ಗಾಜೂ ಇಳಿಯಲಿಲ್ಲ. ಆಮೇಲೆ... ಕ್ಲಿಕ್. ಎದೆಯ ಮೇಲೆ ಏನೋ ಬಿಗಿಯಿತು. ಉಸಿರು ಅರ್ಧಕ್ಕೇ ನಿಂತಿತು.

ಪಕ್ಕದ ಸೀಟಿನಿಂದ ಪುಟ್ಟ ದನಿ. "ಅಪ್ಪಾ... ಬೆಲ್ಟ್ ಬಿಚ್ಚಪ್ಪ."

"ನಾ... ನಿಮ್ಮಪ್ಪ ಅಲ್ಲ ಕಂದಾ."

"ಬಿಚ್ಚಕ್ಕೆ ಬರ್ತಿಲ್ಲ... ಬಿಟ್ಟು ಹೋಗ್ಬೇಡ."

ಕತ್ತಲಲ್ಲಿ ತಡಕಿದ. ಬರೀ ಸೀಟು. ಮಗಳ ಮದುವೆ ನೋಡದೆ ಇಲ್ಲೇ ಸಾಯುತ್ತೇನೆ ಅಂತ ಅತ್ತೇಬಿಟ್ಟ, ಪಾಪ. ಕೊನೆಗೆ, "ಹೋಗಲ್ಲ ಮಗಾ... ಇಲ್ಲೇ ಇರ್ತೀನಿ" ಅಂದ. ಟಿಕ್ ಟಿಕ್ ನಿಂತಿತು. ಬಿಗಿ ಮಾತ್ರ ಬೆಳಗಿನವರೆಗೂ ಸಡಿಲವಾಗಲಿಲ್ಲ.

ಬೆಳಿಗ್ಗೆ ಮಾರ್ಲಾ ಒಂದೇ ಬೆರಳಲ್ಲಿ ಬಾಗಿಲು ತೆಗೆದಳು. "ಅಯ್ಯೋ ಅಪ್ಪಾ, ಬೀರ್ ಜಾಸ್ತಿ ಆಯ್ತಾ? ಮದ್ವೆ ನಂದು, ನಿಂದಲ್ಲ!"

"ನಡ್ಕೊಂಡೇ ಹೋಗಣ ಮಗಳೇ" ಅಂದ. "ಈ ಗಾಡಿ ಬೇಡ."

ಬಿಳಿ ಲಂಗ ಎತ್ತಿ ಹಿಡಿದು ಅವಳು, ಪಕ್ಕದಲ್ಲಿ ಇವನು, ಧೂಳಿನ ದಾರಿಯಲ್ಲಿ ಚರ್ಚಿಗೆ ನಡೆದೇ ಬಂದರು. ನಾನೇ ನೋಡಿದ್ದೇನೆ. ಅಂಗಿ ಬದಲಿಸುವಾಗ ಅವನ ಎದೆಯನ್ನೂ ನೋಡಿದ್ದೇನೆ... ಹೆಗಲಿನಿಂದ ಸೊಂಟದವರೆಗೆ ಓರೆಯಾಗಿ, ಅಂಗೈಯಗಲ, ನೀಲಿಗಟ್ಟಿತ್ತು.

ಪಿಕಪ್ ಇನ್ನೂ ಶೆಡ್ಡಿನಲ್ಲೇ ಇದೆ. ಅದರ ಬಾಗಿಲು ಮುಚ್ಚಲು ಆರ್ಲನ್ ಯಾರಿಗೂ ಬಿಡುವುದಿಲ್ಲ. ನಂಬದಿದ್ದರೆ ಹೋಗಿ ನೋಡಿ. ಆ ಹಳೇ ಗಾಡಿಗೆ ಸೀಟ್ ಬೆಲ್ಟೇ ಇಲ್ಲ.